ಕೆರೆ ತಳದ ಮರಳು ಶಬ್ದವನ್ನು ವಾಪಸ್ ಕಳಿಸುತ್ತಾ, ನುಂಗುತ್ತಾ?

ಎರಡೂ. ಶಬ್ದ ಯಾವ ಕೋನದಲ್ಲಿ ಬಡಿಯಿತು ಅನ್ನೋದೇ ಮುಖ್ಯ. ನೀರಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್, ನೀರು ತುಂಬಿದ ಮರಳಲ್ಲಿ ಸುಮಾರು 1700. ಹಾಗಾಗಿ ತಳಕ್ಕೆ 28 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಸವರಿಕೊಂಡು ಬಂದ ಶಬ್ದ, ನೀರಿನ ಮೇಲೆ ಬೀಸಿ ಎಸೆದ ಚಪ್ಪಟೆ ಕಲ್ಲಿನಂತೆ, ಬಹುಪಾಲು ಚಿಮ್ಮಿ ಮೇಲೇಳುತ್ತದೆ. ನೇರ ಕೆಳಗೆ ಬಿಟ್ಟರೆ ಶಕ್ತಿಯ ಸುಮಾರು ಆರನೇ ಒಂದು ಪಾಲಷ್ಟೇ ವಾಪಸ್. ಉಳಿದದ್ದು ಮರಳೊಳಗೆ ಇಳಿದು, ಕಣಗಳ ತಿಕ್ಕಾಟದಲ್ಲಿ ಶಾಖವಾಗುತ್ತದೆ. ಕಂಪನಾಂಕ ಹೆಚ್ಚಿದಷ್ಟೂ ಬೇಗ.

ಆದರೆ ನಮ್ಮ ಕೋಲಾರದ ಕಡೆ ಕೆರೆಗಳಲ್ಲಿ ಮರಳಿಗಿಂತ ಗೋಡುಮಣ್ಣೇ ಜಾಸ್ತಿ. ಕಾಲಿಟ್ಟರೆ ಗುಳುಗುಳು ಗುಳ್ಳೆ ಏಳುತ್ತಲ್ಲ, ಎಲೆ ಕೊಳೆತು ಹುಟ್ಟಿದ ಆ ಅನಿಲ ಶಬ್ದವನ್ನು ಅಲ್ಲೇ ಚದುರಿಸಿಬಿಡುತ್ತದೆ. ಹೂಳಿನ ಆಳ ಅಳೆಯಬೇಕಾದರೆ ಸೋನಾರ್ (ಶಬ್ದ ಬಿಟ್ಟು, ಅದರ ಪ್ರತಿಧ್ವನಿಯಿಂದ ಆಳ ಅಳೆಯುವ ಸಾಧನ) ಜೊತೆಗೆ ಗಳ ಇಳಿಸಿಯೂ ನೋಡಿ.