ಗಾಡಿ ಕೇಳುವ ಗೆಳೆಯರಿಗೆ ಏನು ಹೇಳುವುದು?

ಪ್ರಶ್ನೆ: ನಾನು ಪಿಕಪ್ ಕೊಂಡಾಗಿನಿಂದ ರಜೆ ಬಂತೆಂದರೆ ಒಬ್ಬ ಗೆಳೆಯ ಮನೆ ಸಾಮಾನು ಸಾಗಿಸಬೇಕು ಅನ್ನುತ್ತಾನೆ, ಇನ್ನೊಬ್ಬ ಮರಳು ತರೋಣ ಅನ್ನುತ್ತಾನೆ. ‘ಡೀಸೆಲ್ ನಾನೇ ಹಾಕಿಸ್ತೀನಿ’ ಅಂತ ಬೇರೆ. ಸ್ನೇಹ ಕೆಡದ ಹಾಗೆ ಆಗುವುದಿಲ್ಲ ಅನ್ನುವುದು ಹೇಗೆ?

ಉತ್ತರ: ಮೊದಲು ನೆಪ ಹೇಳುವುದನ್ನು ಬಿಡಿ. ‘ಗಾಡಿ ಸರ್ವೀಸಿಗೆ ಹೋಗಿದೆ’ ಅಂದರೆ ‘ಯಾವತ್ತು ಬರುತ್ತೆ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ‘ನೋಡೋಣ’ ಅಂದರಂತೂ ಅವರು ಒಪ್ಪಿಗೆ ಅಂತಲೇ ತಿಳಿದು ಬೇರೆ ಗಾಡಿ ಹುಡುಕುವುದಿಲ್ಲ. ಹಿಂದಿನ ರಾತ್ರಿ ಕೈಯೆತ್ತಿದರೆ ಬರುವ ಕೋಪ ನ್ಯಾಯವಾದದ್ದೇ. ಕೇಳಿದ ಕೂಡಲೇ, ಎಲ್ಲರಿಗೂ ಒಂದೇ ಮಾತು ಹೇಳಿ: ‘ಗಾಡಿಗೆ ಬೇರೆಯವರ ಲೋಡ್ ಹಾಕಲ್ಲ ಅಂತ ಇಟ್ಟುಕೊಂಡಿದ್ದೀನಿ. ಸಾಮಾನು ಎತ್ತಿ ಇಳಿಸೋದಕ್ಕೆ ನಾನು ಬರ್ತೀನಿ.’ ಒಬ್ಬರಿಗೆ ಹೂಂ ಅಂದು ಇನ್ನೊಬ್ಬರಿಗೆ ಊಹೂಂ ಅಂದರೆ ಈ ಮಾತು ನಿಲ್ಲುವುದಿಲ್ಲ.

ಅಪರೂಪಕ್ಕೆ ಒಪ್ಪುವುದಾದರೆ ಲೆಕ್ಕ ಹಾಕಿ ಒಪ್ಪಿ. ಗಾಡಿಯ ಗರಿಷ್ಠ ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಹೊರಬಹುದಾದ ಭಾರ ಸಿಗುತ್ತದೆ. ಈ ಅಂಕಿಗಳು ಕೈಪಿಡಿಯಲ್ಲಿರುತ್ತವೆ, ಹಲವು ಗಾಡಿಗಳಲ್ಲಿ ಬಾಗಿಲ ಚೌಕಟ್ಟಿನ ಮೇಲೂ ಅಂಟಿಸಿರುತ್ತಾರೆ. ಕೂತವರ ತೂಕವೂ ಇದರೊಳಗೇ ಸೇರಬೇಕು, ಇದನ್ನು ಮರೆಯುವವರೇ ಹೆಚ್ಚು. 700 ಕೆ.ಜಿ. ಹೊರುವ ಗಾಡಿಯಲ್ಲಿ ತಲಾ 70 ಕೆ.ಜಿ.ಯ ಇಬ್ಬರು ಕೂತರೆ ಸಾಮಾನಿಗೆ ಉಳಿಯುವುದು 560 ಕೆ.ಜಿ. ಒಣ ಮರಳು ಒಂದು ಘನ ಮೀಟರಿಗೆ ಸುಮಾರು 1,600 ಕೆ.ಜಿ. ತೂಗುತ್ತದೆ, ಒದ್ದೆಯಾದರೆ ಇನ್ನೂ ಹೆಚ್ಚು. ಅಂದರೆ ಘನ ಮೀಟರಿನ ಮೂರನೇ ಒಂದು ಭಾಗಕ್ಕೇ ಗಾಡಿಯ ಮಿತಿ ಮುಗಿಯಿತು. ಆದರೆ ಹಿಂದಿನ ತೊಟ್ಟಿ ಅರ್ಧಂಬರ್ಧ ತುಂಬಿದಂತೆ ಕಾಣುತ್ತದೆ, ಗೆಳೆಯ ‘ಇನ್ನೂ ಜಾಗ ಇದೆಯಲ್ಲೋ’ ಅನ್ನುವುದು ಆಗಲೇ. ಅವನ ಮಾತು ಕೇಳಿದರೆ ಹಿಂದಿನ ಪಟ್ಟಾ (ಭಾರ ಹೊರುವ ಸ್ಪ್ರಿಂಗ್) ತಗ್ಗಿ ಮೂತಿ ಮೇಲೇಳುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ, ಬ್ರೇಕ್ ಹಾಕಿದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ, ಟೈರು ಕಾದು ಒಡೆಯಲೂಬಹುದು. ‘ಇಷ್ಟೇ ತಡೆಯೋದು, ಇಲ್ಲಿ ಬರೆದಿದೆ ನೋಡು’ ಎಂದು ಅಂಕಿ ತೋರಿಸಿದರೆ ವಾದಕ್ಕೆ ಎಡೆ ಇರುವುದಿಲ್ಲ.

ಇನ್ನು ಡೀಸೆಲ್ ದುಡ್ಡಿನ ವಿಷಯ. ಖರ್ಚು ಡೀಸೆಲಿನದಷ್ಟೇ ಅಲ್ಲ. ಸವೆಯುವುದು ಕ್ಲಚ್, ಟೈರು, ಪಟ್ಟಾ. ಅದರ ಬಿಲ್ಲು ಬರುವುದು ತಿಂಗಳುಗಳ ನಂತರ, ನಿಮ್ಮೊಬ್ಬರ ಹೆಸರಿಗೆ. ಸ್ವಂತ ಬಳಕೆಯ ಗಾಡಿಯ ವಿಮೆಯಲ್ಲಿ ಬಾಡಿಗೆಗೆ ಬಳಸುವಂತಿಲ್ಲ ಎಂಬ ಷರತ್ತು ಸಾಮಾನ್ಯ. ಹಾಗಾಗಿ ಹಣ ಮುಟ್ಟುವ ಮೊದಲು ಪಾಲಿಸಿ ಓದಿ.

ಪ್ರಶ್ನೆ: ಗೆಳೆಯನ ಆಟೊಮ್ಯಾಟಿಕ್ ಕಾರು ಕೆಟ್ಟು ನಿಂತಿದೆ. ಹಗ್ಗ ಕಟ್ಟಿ ಎಳೆದುಕೊಡು ಅನ್ನುತ್ತಾನೆ. ಎಳೆಯಲೇ?

ಉತ್ತರ: ಬೇಡ. ಇಲ್ಲಿ ದಾಕ್ಷಿಣ್ಯವೂ ಬೇಡ. ಎಂಜಿನ್ ಆಫ್ ಆಗಿದ್ದಾಗ ಸಾಮಾನ್ಯ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಪಂಪ್ ತಿರುಗುವುದಿಲ್ಲ. ಚಕ್ರ ಉರುಳಿದಂತೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಕಾದು ಹಾಳಾಗುತ್ತವೆ. ಜೊತೆಗೆ, ಎಂಜಿನ್ ಆಫ್ ಇದ್ದರೆ ಬ್ರೇಕನ್ನು ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತದೆ, ತುಂಬಾ ಜೋರಾಗಿ ತುಳಿಯದಿದ್ದರೆ ಹಿಂದಿರುವವನು ನಿಮ್ಮ ಗಾಡಿಗೆ ಗುದ್ದಬಹುದು. ಕಾರನ್ನು ಪೂರ್ತಿ ಮೇಲೇರಿಸಿ ಒಯ್ಯುವ ಟೋಯಿಂಗ್ ಗಾಡಿ ಕರೆಸಿಕೊಡಿ, ಅದು ಬರುವವರೆಗೆ ಅವನ ಜೊತೆಗಿರಿ.