ಇಲಿಯ ಬಾಚಿಹಲ್ಲಲ್ಲಿ ಕಬ್ಬಿಣ, ಪಕ್ಕದ ದವಡೆಹಲ್ಲಲ್ಲಿ ಯಾಕಿಲ್ಲ?

ಪ್ರಶ್ನೆ: ಪ್ರಾಜೆಕ್ಟ್‌ಗೆ ದೊಡ್ಡ ವಿಸ್ಟಾರ್ (ಲ್ಯಾಬಲ್ಲಿ ಸಾಕೋ ಬಿಳಿ ತಳಿ) ಇಲಿಗಳ ಕೆಳದವಡೆ ಕೊಯ್ದು ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ಇಡಿಎಸ್ ಮ್ಯಾಪ್ (ಎಕ್ಸ್‌ರೇ ನೋಡಿ ಯಾವ ಧಾತು ಎಲ್ಲಿದೆ ಅಂತ ತೋರ್ಸೋ ಚಿತ್ರ) ತೆಗೆದ್ವಿ. ಬಾಚಿಹಲ್ಲಿನ ಮುಂಭಾಗದಲ್ಲಿ ಕಬ್ಬಿಣದ ತೆಳು ಗೆರೆ ಬಂತು, ದವಡೆಹಲ್ಲಲ್ಲಿ ಇಲ್ವೇ ಇಲ್ಲ. ಬ್ಲೇಡಿಂದ ಬಂದಿದ್ದಾ? ಇನ್ನೊಂದು, ಕ್ಯಾಲ್ಸಿಯಂ-ರಂಜಕದ ಅನುಪಾತ ಪುಸ್ತಕದಲ್ಲಿ 1.67 ಅಂತಿದೆ, ನಮಗೆ ತೂಕದ ಲೆಕ್ಕದಲ್ಲಿ 2.1 ಬಂತು, ಚಿನ್ನದ ಕೋಟಿಂಗ್ ಹಾಕಿದ ಸ್ಯಾಂಪಲ್‌ನಲ್ಲಿ 1.6. ಯಾವುದು ಸರಿ?

ಉತ್ತರ: ಬ್ಲೇಡನ್ನ ಬೈಬೇಡಿ, ಆ ಕಬ್ಬಿಣ ಇಲೀದೇ. ಇಲಿಯ ಬಾಚಿಹಲ್ಲು ಮುಂದಿನಿಂದ ನೋಡಿದ್ರೆ ಕಿತ್ತಳೆ-ಹಳದಿ ಇರತ್ತಲ್ಲ, ಮೈ ಪೂರ್ತಿ ಬಿಳಿ ಇರೋ ಲ್ಯಾಬ್ ಇಲಿಗೂ ಅದೇ ಬಣ್ಣ, ಅದು ಕೊಳೆ ಅಲ್ಲ, ಎನಾಮಲ್‌ನ (ಹಲ್ಲಿನ ಗಟ್ಟಿ ಹೊರಕವಚ) ಹೊರಪದರದಲ್ಲಿ ಕೂತಿರೋ ಕಬ್ಬಿಣ. ಎನಾಮಲ್ ಕಟ್ಟೋ ಜೀವಕೋಶಗಳು ಫೆರಿಟಿನ್ (ಕಬ್ಬಿಣ ಕೂಡಿಡೋ ಪ್ರೋಟೀನ್) ರೂಪದಲ್ಲಿ ಕಬ್ಬಿಣ ಕೂಡಿಟ್ಕೊಂಡು, ಕೆಲಸ ಮುಗಿಯೋ ಹೊತ್ತಿಗೆ ಅದನ್ನ ಹೊರಮೈಗೆ ಬಿಡ್ತವೆ. ದವಡೆಹಲ್ಲಿನ ಕೋಶಗಳು ಈ ಕೆಲಸ ಮಾಡಲ್ಲ.

ಆದ್ರೆ ಇಲ್ಲೊಂದು ಮುಖ್ಯವಾದ ವಿಷ್ಯ ಇದೆ. ಕೆಳಗಿನ ಬಾಚಿಹಲ್ಲು ಹೊರಗೆ ಕಾಣೋದು ತುದಿ ಮಾತ್ರ, ಬುಡ ದವಡೆಹಲ್ಲುಗಳ ಅಡಿಯಿಂದ ಹಿಂದಕ್ಕೆ ಹೋಗಿರತ್ತೆ, ಅಲ್ಲಿ ದಿನಾ ಹೊಸ ಹಲ್ಲು ಹುಟ್ತಾ ಮುಂದಕ್ಕೆ ಸರೀತಾ ಇರತ್ತೆ, ಸುಮಾರು ಒಂದೂವರೆ ತಿಂಗಳಲ್ಲಿ ಇಡೀ ಹಲ್ಲು ಹೊಸದು. ಹಾಗಾಗಿ ಹಿಂದೆ ಕೊಯ್ದ್ರೆ ಎನಾಮಲ್ ಇನ್ನೂ ಮೆತ್ತಗೆ, ಪ್ರೋಟೀನ್ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ, ಕಬ್ಬಿಣ ಸೊನ್ನೆ. ಮುಂದೆ ಕೊಯ್ದ್ರೆ ಗಟ್ಟಿ ಎನಾಮಲ್, ಮೇಲೆ ಕಬ್ಬಿಣದ ಗೆರೆ. ಒಂದೇ ಹಲ್ಲು, ಎರಡು ರಿಸಲ್ಟ್! ಎರಡು ಗುಂಪಿನ ಇಲಿ ಹೋಲಿಸ್ತೀರಾದ್ರೆ ಎಲ್ಲದರಲ್ಲೂ ಒಂದೇ ಜಾಗದಲ್ಲಿ ಕೊಯ್ಯಿರಿ, ಮೊದಲ ದವಡೆಹಲ್ಲಿನ ಮುಂದಿನ ಬೇರನ್ನ ಗುರುತಾಗಿ ಇಟ್ಕೊಳಿ.

ದವಡೆಹಲ್ಲಿನ ಎನಾಮಲ್ ಹಾಗಲ್ಲ, ಮರಿ ಇದ್ದಾಗ ಒಂದ್ಸಲ ಕಟ್ಟಿದ್ದೇ ಕೊನೆ. ಉದಾಹರಣೆಗೆ, ದೊಡ್ಡ ಇಲಿಗೆ ಇವತ್ತು ಸ್ಟ್ರಾನ್ಷಿಯಂ (ಕ್ಯಾಲ್ಸಿಯಂ ಥರದ್ದೇ ಲೋಹ) ತಿನ್ನಿಸಿದ್ರೆ ಅದು ಕ್ಯಾಲ್ಸಿಯಂ ಜಾಗದಲ್ಲಿ ನುಗ್ಗಿ ಬಾಚಿಹಲ್ಲಲ್ಲೂ ದವಡೆ ಮೂಳೆಯಲ್ಲೂ ಕೂರತ್ತೆ, ದವಡೆಹಲ್ಲಿನ ಎನಾಮಲ್ ಒಳಗೆ ಹುಡುಕಿದ್ರೆ ಸಿಗೋದು ಕಷ್ಟ. ಸಿಗಲಿಲ್ಲ ಅಂತ ಪ್ರಯೋಗ ಕೆಟ್ಟಿದೆ ಅನ್ಕೋಬೇಡಿ.

ಇನ್ನು ಅನುಪಾತ. 1.67 ಅನ್ನೋದು ಪರಮಾಣುಗಳ ಲೆಕ್ಕ, ಹಲ್ಲಿನ ಮುಖ್ಯ ಖನಿಜ ಹೈಡ್ರಾಕ್ಸಿ ಅಪಟೈಟ್‌ನಲ್ಲಿ 10 ಕ್ಯಾಲ್ಸಿಯಂಗೆ 6 ರಂಜಕ. ಅದನ್ನೇ ತೂಕಕ್ಕೆ ಬದಲಾಯಿಸಿದ್ರೆ 2.16 ಬರತ್ತೆ, ಅಂದ್ರೆ ನಿಮ್ಮ 2.1 ಚೆನ್ನಾಗೇ ಇದೆ. 1.6 ಪುಸ್ತಕದ ಸಂಖ್ಯೆಗೆ ಹತ್ತಿರ ಇದೆ ಅಂತ ಖುಷಿಪಟ್ಟು ರಿಪೋರ್ಟಿಗೆ ಹಾಕ್ಬಿಟ್ಟೀರಾ, ಕೆಟ್ಟಿರೋದು ಅದೇ. ರಂಜಕದ ಎಕ್ಸ್‌ರೇ ಗೆರೆ 2.01 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ, ಚಿನ್ನದ್ದು 2.12ರಲ್ಲಿ, ಎರಡೂ ಒಂದರ ಮೇಲೊಂದು ಬೀಳತ್ತೆ, ಸಾಫ್ಟ್‌ವೇರ್ ಸರಿಯಾಗಿ ಬಿಡಿಸದಿದ್ರೆ ಚಿನ್ನಾನೂ ರಂಜಕದ ಲೆಕ್ಕಕ್ಕೆ ಸೇರತ್ತೆ. ಪ್ಲಾಟಿನಂ ಹಾಕಿದ್ರೂ ಇದೇ ಗೋಳು. ಕಾರ್ಬನ್ ಕೋಟಿಂಗ್ ಹಾಕ್ಸಿ.

ಮೆಗ್ನೀಷಿಯಂ ಎನಾಮಲ್‌ಗಿಂತ ಅದರ ಒಳಗಿನ ಪದರ ಡೆಂಟಿನ್‌ನಲ್ಲಿ ಜಾಸ್ತಿ ಕಾಣತ್ತೆ, ಅದು ಸಹಜ. ಆದ್ರೆ ಸತು, ಸ್ಟ್ರಾನ್ಷಿಯಂ, ಸೀಸ ಎಲ್ಲಾ ಇಡಿಎಸ್‌ನಲ್ಲೇ ಅಳೀತೀವಿ ಅಂತ ಹೊರಡ್ಬೇಡಿ, ಶೇಕಡ 0.1ರ ಆಸುಪಾಸಿಗಿಂತ ಕಮ್ಮಿ ಇದ್ರೆ ಅದಕ್ಕೆ ಕಾಣೋದೇ ಇಲ್ಲ, ಅದಕ್ಕೆ ಲೇಸರ್ ಅಬ್ಲೇಷನ್ ಐಸಿಪಿ-ಎಂಎಸ್ (ಲೇಸರ್‌ನಿಂದ ಚೂರು ಕೆರೆದು ಅತಿ ಕಮ್ಮಿ ಧಾತುವನ್ನೂ ಅಳೆಯೋ ಯಂತ್ರ) ಬೇಕು. ಹಾಂ, ಮುಂದಿನ ಸಲ ದವಡೆಯನ್ನ ಇಡಿಟಿಎ (ಕ್ಯಾಲ್ಸಿಯಂ ಎಳೆದು ತೆಗೆಯೋ ದ್ರಾವಣ) ಬಾಟಲಿಗೆ ಮಾತ್ರ ಹಾಕ್ಬೇಡಿ, ಪಕ್ಕದ ಟೇಬಲ್ಲಿನ ಹಿಸ್ಟಾಲಜಿಯವರು (ಅಂಗಾಂಶ ನೋಡೋರು) ಹಾಕ್ತಾರೆ ಅಂತ. ಅವರಿಗೆ ಬೇಡದ ಕ್ಯಾಲ್ಸಿಯಮ್ಮೇ ನಿಮಗೆ ಬೇಕಾಗಿರೋದು.