ಸುವನ್‌ಗೆ ಹೊಸದಾಗಿ ಬಂದವರಿಗೆ: ಮೊದಲು ಕೊಂಗ್‌ಗುಕ್ಸು ತಿನ್ನಿ

ನೀವು ಬರೆದಿದ್ದು ಓದಿದೆ. ದಕ್ಷಿಣ ಕೊರಿಯಾದ ಸುವನ್‌ಗೆ ಬಂದು ಮೂರು ವಾರ, ಲ್ಯಾಬಿನವರು ಪ್ರೀತಿಯಿಂದ ಊಟಕ್ಕೆ ಕರೆದುಕೊಂಡು ಹೋದರು, ಐಸ್ ತೇಲುತ್ತಿದ್ದ ನೂಡಲ್ಸ್ ಬಟ್ಟಲು ಮುಂದಿಟ್ಟರು, ಎರಡು ತುತ್ತಿಗಿಂತ ಹೆಚ್ಚು ಇಳಿಯಲಿಲ್ಲ. ಅವರ ಮನಸ್ಸಿಗೆ ನೋವಾಯಿತಾ, ಮಾಂಸ ಮೀನು ಮುಟ್ಟದವರು ಇಲ್ಲಿ ಯಾವ ನೂಡಲ್ಸ್ ತಿನ್ನಬಹುದು ಅಂತ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವಳು, ಈ ಊರಿಗೆ ಬಂದು ಹನ್ನೊಂದು ವರ್ಷ, ಇವತ್ತಿಗೂ ಸಸ್ಯಾಹಾರಿ.

ನಿಮ್ಮ ಮುಂದೆ ಬಂದದ್ದು ನೆಂಗ್‌ಮ್ಯೊನ್. ಹೆಸರಿನ ಅರ್ಥವೇ ತಣ್ಣನೆಯ ನೂಡಲ್ಸ್. ಪ್ಯೊಂಗ್ಯಾಂಗ್ ಕಡೆಯದು ಬಕ್‌ವೀಟ್ ಹಿಟ್ಟಿನದು, ಅಂದರೆ ಉತ್ತರ ಭಾರತದವರು ಉಪವಾಸಕ್ಕೆ ತಿನ್ನುವ ಕುಟ್ಟು, ಬೇಗ ತುಂಡಾಗುತ್ತೆ. ಹಮ್‌ಹಂಗ್ ಕಡೆಯದು ಆಲೂಗಡ್ಡೆ ಅಥವಾ ಗೆಣಸಿನ ಪಿಷ್ಟದ್ದು, ಕತ್ತರಿ ಕೊಟ್ಟು ಕತ್ತರಿಸಿಕೊಳ್ಳಿ ಅನ್ನುವಷ್ಟು ಜಿಗುಟು. ಎರಡೂ ಉತ್ತರ ಕೊರಿಯಾ ಕಡೆಯ ಊಟ. 1950ರಿಂದ 53ರವರೆಗಿನ ಕೊರಿಯಾ ಯುದ್ಧದಲ್ಲಿ ಮನೆಮಠ ಬಿಟ್ಟು ಬಂದವರ ಜೊತೆ ದಕ್ಷಿಣದಲ್ಲಿ ಎಲ್ಲ ಕಡೆ ಹರಡಿತು. 2018ರ ಏಪ್ರಿಲ್ 27ರಂದು ಗಡಿಯ ಪನ್ಮುಂಜಮ್‌ನಲ್ಲಿ ಎರಡೂ ಕೊರಿಯಾಗಳ ನಾಯಕರು ಭೇಟಿಯಾದಾಗ ಉತ್ತರದವರು ಊಟಕ್ಕೆ ತಂದದ್ದೂ ಇದನ್ನೇ; ಅವತ್ತು ಸೋಲ್‌ನ ನೆಂಗ್‌ಮ್ಯೊನ್ ಅಂಗಡಿಗಳ ಮುಂದೆ ಉದ್ದುದ್ದ ಸಾಲು. ಹಾಗಾಗಿ ಅವರು ಸಿಕ್ಕಿದ್ದನ್ನು ನಿಮ್ಮ ಮುಂದೆ ಇಟ್ಟಿಲ್ಲ, ತಮಗೆ ತುಂಬಾ ಇಷ್ಟವಾದದ್ದನ್ನೇ ಇಟ್ಟಿದ್ದಾರೆ.

ಆದರೆ ಅದು ನಮಗಲ್ಲ. ಆ ತಿಳಿನೀರು ಸಾಮಾನ್ಯವಾಗಿ ದನದ ಮಾಂಸ ಕುದಿಸಿ ಬಸಿದ ರಸ. ಇನ್ನೊಂದು ಮಾತು, ಇದನ್ನು ಯಾರೂ ಹೇಳಲ್ಲ. ಹಮ್‌ಹಂಗ್ ಶೈಲಿಯ ಅಂಗಡಿಗಳಲ್ಲಿ ಕೂತ ತಕ್ಷಣ ಒಂದು ಕೆಟಲ್ ಬರುತ್ತೆ, ಲೋಟಕ್ಕೆ ಬಗ್ಗಿಸಿದರೆ ತೆಳ್ಳಗೆ ಕಂದು ಬಣ್ಣ. ನಾನು ಬಂದ ವರ್ಷ ಅದನ್ನು ಚಹಾ ಅಂದುಕೊಂಡು ಮುಕ್ಕಾಲು ಲೋಟ ಕುಡಿದಿದ್ದೆ. ಅದು ಯುಕ್ಸು, ಮಾಂಸದ ರಸ. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಲೂ ಆಗಲಿಲ್ಲ, ಹೇಳದೆ ಇರಲೂ ಆಗಲಿಲ್ಲ. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ಬಿಡಿಸಿ ಬರೆಯುತ್ತಿದ್ದೀನಿ.

ಈಗ ಜುಲೈ. ಅಂಗಡಿ ಬಾಗಿಲುಗಳಲ್ಲಿ ‘ಕೊಂಗ್‌ಗುಕ್ಸು ಶುರುವಾಗಿದೆ’ ಅನ್ನುವ ಚೀಟಿ ಅಂಟಿಸಿರುತ್ತಾರೆ. ಅಲ್ಲಿಗೆ ಹೋಗಿ. ಕೊಂಗ್ ಅಂದರೆ ಕಾಳು, ಗುಕ್ಸು ಅಂದರೆ ನಮ್ಮ ಶಾವಿಗೆಯಂಥದ್ದು. ಸೋಯಾ ಕಾಳನ್ನು ರಾತ್ರಿ ನೆನೆಹಾಕಿ, ಬೇಯಿಸಿ, ಸಿಪ್ಪೆ ಉಜ್ಜಿ ತೆಗೆದು, ನುಣ್ಣಗೆ ರುಬ್ಬಿ ತಣ್ಣಗೆ ಮಾಡಿಡುತ್ತಾರೆ. ಬೇಯಿಸುವುದರಲ್ಲೇ ಎಲ್ಲ ಇರೋದು: ಕಮ್ಮಿ ಬೆಂದರೆ ಹಸಿ ವಾಸನೆ, ಜಾಸ್ತಿ ಬೆಂದರೆ ಹುದುಗಿನ ವಾಸನೆ. ಗೋಧಿ ನೂಡಲ್ಸ್ ಬೇಯಿಸಿ ತಣ್ಣೀರಲ್ಲಿ ತೊಳೆದು ಬಟ್ಟಲಿಗೆ ಹಾಕಿ ಮೇಲೆ ಈ ಹಾಲು ಸುರಿಯುತ್ತಾರೆ. ಹೆಚ್ಚಿದ ಸೌತೆಕಾಯಿ, ಒಂದಿಷ್ಟು ಎಳ್ಳು. ಒಳ್ಳೆಯ ಅಂಗಡಿಯಲ್ಲಿ ಆ ಹಾಲು ನೀರಾಗಿರಲ್ಲ, ಚಮಚಕ್ಕೆ ಹತ್ತಿಕೊಳ್ಳುತ್ತೆ.

ಮೊದಲ ತುತ್ತಿಗೆ ಏನೂ ಅನ್ನಿಸಲ್ಲ. ಹುಳಿ ಇಲ್ಲ, ಖಾರ ಇಲ್ಲ, ಒಗ್ಗರಣೆ ಇಲ್ಲ. ಉಪ್ಪನ್ನೂ ಅಡುಗೆಯವರು ಹದ ಮಾಡಿರಲ್ಲ, ಮೇಜಿನ ಮೇಲೆ ಇಟ್ಟಿರುತ್ತಾರೆ. ಅರ್ಧ ಚಿಟಿಕೆ ಹಾಕಿ, ತಳದಿಂದ ಕಲಸಿ, ಸ್ವಲ್ಪ ಹಾಲು ಕುಡಿಯಿರಿ. ಸಾಲದಿದ್ದರೆ ಇನ್ನರ್ಧ. ಒಂದು ಹಂತದಲ್ಲಿ ಕಾಳಿನ ಸಿಹಿ ತಾನಾಗಿ ಎದ್ದು ಬರುತ್ತೆ, ಅಲ್ಲಿಗೆ ನಿಲ್ಲಿಸಿ. ನನಗೆ ಆ ಕ್ಷಣದಲ್ಲಿ ಮನೆಯ ಒತ್ತು ಶಾವಿಗೆ, ಕಾಯಿಹಾಲು ನೆನಪಾಯಿತು. ಅದೇ ಬಿಳುಪು, ಅದೇ ತಂಪು, ಎಳೆಗಳ ನಡುವೆ ನಿಂತ ಹಾಲು. ದಕ್ಷಿಣದ ಜೊಲ್ಲಾ ಪ್ರಾಂತ್ಯದವರು ಇದಕ್ಕೆ ಉಪ್ಪಲ್ಲ, ಸಕ್ಕರೆ ಹಾಕುತ್ತಾರೆ. ಅಲ್ಲಿಯ ಗೆಳತಿಯೊಬ್ಬಳು ಹಾಕಿಕೊಟ್ಟಾಗ ನಾನು ಬಟ್ಟಲು ಎತ್ತಿ ಕುಡಿದು ಮುಗಿಸಿದೆ. ನೆಂಗ್‌ಮ್ಯೊನ್ ಮಾಡುವವರ ಹತ್ತಿರವೂ ನಮ್ಮಂತೆ ಶಾವಿಗೆ ಒತ್ತುವ ಒರಳು ಇರುತ್ತೆ, ಗೊತ್ತಾ? ನಾವು ಬೆಂದ ಉಂಡೆಯನ್ನು ಒತ್ತುತ್ತೇವೆ, ಅವರು ಹಸಿ ಹಿಟ್ಟನ್ನೇ ಕುದಿಯುವ ನೀರಿಗೆ ಒತ್ತುತ್ತಾರೆ. ಅಷ್ಟೇ ವ್ಯತ್ಯಾಸ.

ಕೇಳಬೇಕಾದ್ದನ್ನು ಮಾತ್ರ ಬಾಯಿಬಿಟ್ಟು ಕೇಳಿ. ‘ಛೆಸಿಕ್’, ಅಂದರೆ ಸಸ್ಯಾಹಾರ, ಅಂತ ಬರೀ ಹೇಳಿದರೆ ಎಷ್ಟೋ ಜನ ಮಾಂಸದ ತುಂಡು ತೆಗೆದು ಕೊಡುತ್ತಾರೆ; ರಸ ಅವರ ಲೆಕ್ಕಕ್ಕೆ ಬರಲ್ಲ. ‘ಯುಕ್ಸು ಡುರೊಗಾಯೊ?’ ಅಂದರೆ ಇದಕ್ಕೆ ರಸ ಬೀಳುತ್ತಾ ಅಂತ. ಕೊಂಗ್‌ಗುಕ್ಸುಗೂ ಒಮ್ಮೆ ಕೇಳಿಬಿಡಿ. ಮೊಟ್ಟೆ ಬೇಡದಿದ್ದರೆ ‘ಗ್ಯೆರಾನ್ ಪ್ಪೆಜುಸೆಯೊ’. ಜೊತೆಗೆ ಬರುವ ಕಿಮ್ಚಿಯಲ್ಲಿ ಸಾಮಾನ್ಯವಾಗಿ ಉಪ್ಪಿನ ಸಿಗಡಿ ಅಥವಾ ಮೀನಿನ ಸಾಸ್ ಇರುತ್ತೆ, ಅದನ್ನು ಪಕ್ಕಕ್ಕೆ ಸರಿಸಿ. ಜಂಚಿಗುಕ್ಸು, ಕಲ್‌ಗುಕ್ಸು ಅನ್ನುವ ಬಿಸಿ ನೂಡಲ್ಸ್ ನೋಡಲು ಸಾತ್ವಿಕವಾಗಿ ಕಂಡರೂ ರಸ ಬಹುತೇಕ ಒಣಮೀನಿನದೇ. ಕಪ್ಪು ಸಾಸಿನ ಜಜಂಗ್‌ಮ್ಯೊನ್‌ಗೆ ಹಂದಿ ಮಾಂಸ ಹಾಕುತ್ತಾರೆ.

ಲ್ಯಾಬಿನವರ ವಿಷಯ. ಕಾರಣ ಹೇಳದೆ ಬಟ್ಟಲು ಹಾಗೇ ಬಿಟ್ಟರೆ ಅವರಿಗೆ ಗೊಂದಲ, ಹೇಳಿದರೆ ಇಲ್ಲ. ನಾಳೆಯೇ ಹಿರಿಯರೊಬ್ಬರಿಗೆ, ‘ಅವತ್ತು ರುಚಿ ಇರಲಿಲ್ಲ ಅಂತಲ್ಲ, ನಾನು ಮಾಂಸದ ರಸವನ್ನೂ ಕುಡಿಯಲ್ಲ, ಈ ವಾರ ಕೊಂಗ್‌ಗುಕ್ಸುಗೆ ಹೋಗೋಣವಾ’ ಅಂತ ನೀವೇ ಕರೆಯಿರಿ. ನಾನು ಹಾಗೆ ಕರೆದ ಮೇಲೆ ನಮ್ಮ ಟೀಮಿನವರು ನನಗಿಂತ ಮುಂಚೆ ‘ಯುಕ್ಸು ಇದೆಯಾ’ ಅಂತ ಅಡುಗೆಯವರನ್ನು ಕೇಳಲು ಶುರುಮಾಡಿದರು. ಇಷ್ಟು ವರ್ಷ ಈ ಊರಲ್ಲಿ ನಿಂತದ್ದರಲ್ಲಿ ಅದರ ಪಾಲೂ ಇದೆ.

ಬೇಸಿಗೆ ಕಳೆದರೆ ಬಹಳ ಅಂಗಡಿಗಳಲ್ಲಿ ಆ ಚೀಟಿ ಇಳಿಯುತ್ತೆ, ತಡ ಮಾಡಬೇಡಿ. ಒಬ್ಬರೇ ಹೋಗಲು ಹಿಂಜರಿಕೆ ಇದ್ದರೆ ಭಾನುವಾರ ಹನ್ನೊಂದೂವರೆಗೆ ಸುವನ್ ಸ್ಟೇಷನ್ ಹತ್ತಿರ ಬನ್ನಿ. ಉಪ್ಪು, ಸಕ್ಕರೆ ಎರಡನ್ನೂ ಕೇಳಿ ತರಿಸೋಣ.